ಕಥೆಯ ಅಡಿಯಲ್ಲೊಂದು ಊರು, ಒಂದು ಇಸವಿ

ಪ್ಯಾಲೆಸ್ತೀನಿ ಲೇಖಕ ಘಸ್ಸಾನ್ ಕನಫಾನಿಯವರ ಸಣ್ಣಕಥೆಗಳ ಅರಬ್ಬಿ ಸಂಪುಟದಲ್ಲಿ ಹಲವು ಕಥೆಗಳ ಕೊನೆಯ ಸಾಲಿನಡಿ ಒಂದು ಊರಿನ ಹೆಸರು, ಒಂದು ಇಸವಿ ಅಚ್ಚಾಗಿವೆ. ಗಾಜಾದಿಂದ ಗೆಳೆಯನಿಗೆ ಬರೆದ ಪತ್ರದ ರೂಪದ ಕಥೆಯಡಿ ‘ಕುವೈತ್, 1956’. ಕಿತ್ತಳೆ ತೋಟಗಳನ್ನು ಬಿಟ್ಟು ಲೆಬನಾನಿನ ಕಡೆಗೆ ಹೊರಟ ಕುಟುಂಬದ ಕಥೆಯಡಿ ‘ಕುವೈತ್, 1958’. ಕಥೆಯೊಳಗೆ ಕುವೈತಿನ ಮರಳಿಲ್ಲ, ಸೆಕೆಯಿಲ್ಲ. ಬರೆದ ಕೈ ಮಾತ್ರ ಇಲ್ಲಿತ್ತು.

ಇಲ್ಲೇ ಬದುಕು ಕಟ್ಟಿಕೊಂಡಿರುವ ಕನ್ನಡಿಗನಾಗಿ ನನಗೆ ಬಹುಕಾಲದಿಂದ ಒಂದು ಕುತೂಹಲವಿತ್ತು. ಐವತ್ತು, ಅರವತ್ತರ ದಶಕಗಳಲ್ಲಿ ಕುವೈತಿನ ಶಾಲೆ, ಕಚೇರಿ, ಪತ್ರಿಕೆಗಳನ್ನು ಕಟ್ಟಿದವರಲ್ಲಿ ದೊಡ್ಡ ಪಾಲು ಪ್ಯಾಲೆಸ್ತೀನಿನಿಂದ ಬಂದ ನಿರಾಶ್ರಿತರದ್ದು. ಪ್ಯಾಲೆಸ್ತೀನಿನ ಮೇಷ್ಟ್ರುಗಳು 1936ರಲ್ಲೇ ಇಲ್ಲಿಗೆ ಕಾಲಿಟ್ಟಿದ್ದರು. 1948ರಲ್ಲಿ ಇಸ್ರೇಲ್ ಹುಟ್ಟಿದ ಯುದ್ಧದಲ್ಲಿ ಊರು ಕಳೆದುಕೊಂಡು ಬಂದವರು ಹವಲ್ಲಿಯಲ್ಲೂ ಪಕ್ಕದ ನುಗ್ರಾದಲ್ಲೂ ನೆಲೆಯೂರಿದರು. ಹಾಗಿದ್ದರೆ ಅವರಲ್ಲಿ ಯಾರಾದರೂ ಇಲ್ಲಿ ಕೂತು ತಮ್ಮ ಬಾಲ್ಯವನ್ನು ಬರೆದಿರಲೇಬೇಕಲ್ಲ? ನಾನು ಹುಡುಕಲು ಹೊರಟದ್ದು ಆ ಪುಸ್ತಕವನ್ನು: ಬಾಲ್ಯದ ಆತ್ಮಕಥನ, ಬರೆದ ಸ್ಥಳ ಕುವೈತ್, ಕಾಲ 1970ಕ್ಕೆ ಹಿಂದೆ.

ಗ್ರಂಥಾಲಯದ ಪಟ್ಟಿಗಳಲ್ಲಿ ಆತ್ಮಕಥೆ ಎಂಬ ವಿಭಾಗದಲ್ಲಿ ಸಿಕ್ಕವರು ರಾಜಕಾರಣಿಗಳು, ಹೋರಾಟಗಾರರು. ಕುವೈತಿನಲ್ಲಿ ಮೇಷ್ಟ್ರಾಗಿದ್ದು ಮುಂದೆ ಪ್ಯಾಲೆಸ್ತೀನಿ ಫತಾಹ್ ಸಂಘಟನೆಯ ಮುಂದಾಳಾದ ಸಲಾಹ್ ಖಲಫ್ ತಮ್ಮ ಕಥೆ ಹೇಳಿದ್ದಾರೆ. ಅದರ ಜೀವಾಳ ಚಳವಳಿ. ಬಾಲ್ಯ ಅಲ್ಲಿ ಹೊಸ್ತಿಲಷ್ಟೇ. ನಾನು ಅಂದುಕೊಂಡಂಥ ಪುಸ್ತಕ ಆ ವಿಭಾಗದಲ್ಲಿ ಇರಲಿಲ್ಲ. ಆಗ ಕೈಗೆ ಬಂದ ಸುಳಿವೇ ಕಥೆಗಳ ಅಡಿಯ ಆ ಸಣ್ಣ ಅಕ್ಷರಗಳು.

ಮೊದಲು ಕನಫಾನಿಯವರ ಬಾಲ್ಯದ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಹುಟ್ಟಿದ್ದು ಅಕ್ಕಾ ಪಟ್ಟಣದಲ್ಲಿ, 1936ರ ಏಪ್ರಿಲ್‌ನಲ್ಲಿ. ಕೆಲವು ದಾಖಲೆಗಳಲ್ಲಿ 8, ಕೆಲವುಗಳಲ್ಲಿ 9. ತಂದೆ ವಕೀಲರು, ವೃತ್ತಿ ಯಾಫಾದಲ್ಲಿ. ಮಗ ಓದಿದ್ದು ಅಲ್ಲಿನ ಫ್ರೆಂಚ್ ಪಾದ್ರಿಗಳ ಶಾಲೆಯಲ್ಲಿ. 1948ರ ಏಪ್ರಿಲ್ 9ರಂದು, ಹುಡುಗನಿಗೆ ಹನ್ನೆರಡು ತುಂಬುವ ಹೊತ್ತಿಗೆ ಸರಿಯಾಗಿ, ಜೆರುಸಲೇಮಿನ ಹತ್ತಿರದ ದೈರ್ ಯಾಸೀನ್ ಹಳ್ಳಿಯಲ್ಲಿ ಕಗ್ಗೊಲೆ ನಡೆಯಿತು. ಆಮೇಲೆ ಅವರು ಹುಟ್ಟುಹಬ್ಬವನ್ನೇ ಆಚರಿಸಲಿಲ್ಲವೆಂದು ಆಪ್ತರು ಹೇಳುತ್ತ ಬಂದಿದ್ದಾರೆ. ತಿಂಗಳ ಕೊನೆಗೆ ಕುಟುಂಬ ಅಕ್ಕಾ ಬಿಟ್ಟಿತು. ಮೇ ತಿಂಗಳ ನಡುವಿನಲ್ಲಿ ಪಟ್ಟಣ ಬಿತ್ತು. ದಕ್ಷಿಣ ಲೆಬನಾನ್, ಅಲ್ಲಿಂದ ಸಿರಿಯಾದ ಜಬದಾನಿ, ಕೊನೆಗೆ ಡಮಾಸ್ಕಸ್. ಅಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಶಾಲೆಯಲ್ಲಿ ಚಿತ್ರಕಲೆಯ ಪಾಠ. ಸೇಬು, ಬಾಳೆಹಣ್ಣು ಬಿಡಿಸಲು ಹೇಳಿದಾಗ ಮಕ್ಕಳಿಗೆ ಅವುಗಳ ರುಚಿಯೇ ಗೊತ್ತಿಲ್ಲವೆಂದು ಹೊಳೆದು, ಬೋರ್ಡನ್ನು ಒರೆಸಿ, ಶಿಬಿರದ ಚಿತ್ರ ಬಿಡಿಸಿ ಎಂದರಂತೆ ಆ ಹರೆಯದ ಮೇಷ್ಟ್ರು. ರಾಜಕೀಯ ಒಡನಾಟದ ಕಾರಣಕ್ಕೆ ವಿಶ್ವವಿದ್ಯಾಲಯದಿಂದ ಹೊರಬಿದ್ದು ಕುವೈತಿಗೆ ಬಂದಾಗ ಅವರಿಗಿನ್ನೂ ಇಪ್ಪತ್ತರ ಆಸುಪಾಸು. ಅಕ್ಕನೂ ಅಣ್ಣನೂ ಆಗಲೇ ಇಲ್ಲಿದ್ದರು. ಇವರದು ಸರ್ಕಾರಿ ಶಾಲೆಯಲ್ಲಿ ಚಿತ್ರಕಲೆ ಮತ್ತು ವ್ಯಾಯಾಮದ ಕೆಲಸ. ಅವರನ್ನು ಕೊನೆಯವರೆಗೂ ಬಿಡದ ಸಕ್ಕರೆ ಕಾಯಿಲೆ ಪತ್ತೆಯಾದದ್ದೂ ಇಲ್ಲಿಯೇ.

ಈ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಕಿತ್ತಳೆಯ ಕಥೆಯನ್ನು ಓದಿದೆ. ಯಾಫಾದಿಂದ ಅಕ್ಕಾಗೆ, ಅಕ್ಕಾದಿಂದ ಗಡಿಯ ನಾಕೂರಾ ದಾಟಿ ಲೆಬನಾನಿನ ಸೈದಾಕ್ಕೆ. ಹಾದಿ ಬಹುಮಟ್ಟಿಗೆ ಅವರದೇ. ಗಡಿಯ ಬಳಿ ಲಾರಿ ನಿಲ್ಲುತ್ತದೆ, ಹೆಂಗಸರು ಇಳಿದು ರೈತನೊಬ್ಬನಿಂದ ಕಿತ್ತಳೆ ಕೊಳ್ಳುತ್ತಾರೆ, ಹಣ್ಣನ್ನು ಕೈಯಲ್ಲಿ ಹಿಡಿದ ಗಂಡಸು ಮಗುವಿನಂತೆ ಅಳುತ್ತಾನೆ. ಹೇಳುತ್ತಿರುವವನು ಹುಡುಗ. ಇದೇ ನಾನು ಹುಡುಕುತ್ತಿದ್ದ ಬಾಲ್ಯಕಥನ ಎಂದು ಗುರುತು ಹಾಕುವಷ್ಟರಲ್ಲಿ ಒಂದು ಸಂಗತಿ ತಡೆಯಿತು. ಅಳುವ ಆ ಗಂಡಸು ಹೇಳುವವನ ಅಪ್ಪನಲ್ಲ. ಹುಡುಗ ತನ್ನ ಜೊತೆಯವನಿಗೆ ಕಥೆ ಹೇಳುತ್ತಿದ್ದಾನೆ. ಉದ್ದಕ್ಕೂ ‘ನಿನ್ನ ಅಪ್ಪ’, ‘ನಿನ್ನ ಅಮ್ಮ’. ಮನೆ ಕಳೆದುಕೊಂಡು, ಕೆಲಸವಿಲ್ಲದೆ, ಮಕ್ಕಳನ್ನೇ ಕೊಂದು ತಾನೂ ಸಾಯುವ ಯೋಚನೆಗೆ ಬರುವ ಆ ತಂದೆಯನ್ನು ಹುಡುಗ ಕಾಣುವುದು ನೆಂಟನಾಗಿ. ಕೊನೆಯಲ್ಲಿ ಮಂಚದ ಪಕ್ಕದ ಸಣ್ಣ ಮೇಜಿನ ಮೇಲೆ ಪಿಸ್ತೂಲು, ಅದರ ಪಕ್ಕದಲ್ಲಿ ಒಣಗಿದ ಕಿತ್ತಳೆಯನ್ನು ನೋಡುವವನೂ ಅವನೇ. ತನ್ನ ಹಾದಿಯನ್ನೇ ಬರೆಯುತ್ತ ಲೇಖಕರು ತಂದೆಯನ್ನು ಬೇರೆಯವನ ಮನೆಗೆ ಒಪ್ಪಿಸಿದ್ದಾರೆ. ನನಗೆ ಇದು ಮುಖ್ಯವೆನಿಸಿತು: ಸೋತ ತಂದೆಯನ್ನು ‘ನನ್ನ ಅಪ್ಪ’ ಎಂದು ಬರೆಯಲು ಇಪ್ಪತ್ತೆರಡರ ಮಗನ ಕೈ ಬರಲಿಲ್ಲ; ಬರೆಯದೆ ಇರಲೂ ಆಗಲಿಲ್ಲ.

ಉಳಿದ ಕಥೆಗಳಲ್ಲೂ ಇದೇ ಚಹರೆ. ರಾಮ್ಲಾ ಪಟ್ಟಣದ ಕಥೆಯನ್ನು ಹೇಳುವವನು ಒಂಬತ್ತು ವರ್ಷದ ಹುಡುಗ. ಸೈನಿಕರ ಮುಂದೆ ಬಿಸಿಲಲ್ಲಿ ಸಾಲಾಗಿ ನಿಂತ ಜನ, ಮಗಳನ್ನು ಕಳೆದುಕೊಂಡ ಕ್ಷೌರಿಕ. ಕನಫಾನಿ ರಾಮ್ಲಾದವರೇ ಅಲ್ಲ. ಗಾಜಾದ ಪತ್ರದಲ್ಲಿ ಕುವೈತಿನಲ್ಲಿ ಮೇಷ್ಟ್ರಾಗಿರುವ ಯುವಕ ರಜೆಗೆ ಊರಿಗೆ ಹೋಗಿ, ಬಾಂಬಿನ ದಾಳಿಯಲ್ಲಿ ಕಾಲು ಕಳೆದುಕೊಂಡ ಅಣ್ಣನ ಮಗಳು ನಾದಿಯಾಳನ್ನು ಆಸ್ಪತ್ರೆಯಲ್ಲಿ ಕಂಡು, ಕ್ಯಾಲಿಫೋರ್ನಿಯಾಕ್ಕೆ ಹೋಗುವ ಆಸೆ ಬಿಟ್ಟು ಅಲ್ಲೇ ಉಳಿಯುತ್ತಾನೆ. ಕುವೈತಿನ ಆಸ್ಪತ್ರೆಯ ಕಥೆಯಲ್ಲಿ ಒಮಾನಿನಿಂದ ಹೊಟ್ಟೆಪಾಡಿಗೆ ಬಂದವನೊಬ್ಬ ಹನ್ನೆರಡನೆಯ ನಂಬರಿನ ಹಾಸಿಗೆಯಲ್ಲಿ ಸಾಯುತ್ತಾನೆ. ಅದೇ ಆಸ್ಪತ್ರೆಯ ರೋಗಿ ಆ ಅಪರಿಚಿತನ ಬದುಕನ್ನು ಊಹಿಸಿ ಕಟ್ಟುತ್ತಾನೆ. ಅಕ್ಕಾದ ತಮ್ಮದೇ ಮನೆ, ತಮ್ಮದೇ ಶಾಲೆ ಎಲ್ಲೂ ನೇರವಾಗಿ ಬರುವುದಿಲ್ಲ. 1959ರಿಂದ 1965ರವರೆಗಿನ ಅವರ ದಿನಚರಿಯ ಪುಟಗಳು ಬೆಳಕು ಕಂಡದ್ದೂ ಅವರು ತೀರಿಕೊಂಡ ಮೇಲೆ, 1981ರಲ್ಲಿ, ಕವಿ ಮಹಮೂದ್ ದರ್ವೀಶರ ‘ಅಲ್-ಕರ್ಮಿಲ್’ ಪತ್ರಿಕೆಯಲ್ಲಿ.

ನಮ್ಮಲ್ಲಿ ಬಾಲ್ಯದ ಬರವಣಿಗೆ ನಿಂತಿರುವ ನೆಲವನ್ನು ನೆನೆದಾಗ ವ್ಯತ್ಯಾಸ ತಿಳಿಯಿತು. ಕುವೆಂಪು ‘ನೆನಪಿನ ದೋಣಿಯಲ್ಲಿ’ ಬರೆದರೆ ಓದುಗ ಕುಪ್ಪಳಿಗೆ ಹೋಗಿ ಆ ಮನೆಯ ಜಗಲಿಯಲ್ಲಿ ನಿಲ್ಲಬಹುದು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಹಸಿವೂ ಅವಮಾನವೂ ಇವೆ, ಆ ಊರೂ ಇದೆ, ಆ ಕೇರಿಯೂ ಇದೆ, ಹೌದು ಎನ್ನಲು ಜನರೂ ಇದ್ದಾರೆ. ಬಾಲ್ಯವನ್ನು ಬರೆಯುವವನಿಗೆ ಸಾಕ್ಷಿಗಳು ಬೇಕು. ದೇಶಭ್ರಷ್ಟನ ಸಾಕ್ಷಿಗಳು ಹತ್ತು ಶಿಬಿರಗಳಿಗೆ ಚದುರಿರುತ್ತಾರೆ, ಮನೆಯಲ್ಲಿ ಬೇರೆಯವರಿರುತ್ತಾರೆ, ಕಾಗದಪತ್ರಗಳು ಹಾದಿಯಲ್ಲಿ ಕಳೆದಿರುತ್ತವೆ. ಎಲ್ಲರದೂ ಒಂದೇ ಬಗೆಯ ನಷ್ಟವಾದಾಗ ‘ನನ್ನ ಬಾಲ್ಯ’ ಎಂದು ಒಬ್ಬನೇ ಹಕ್ಕು ಹೂಡುವುದಕ್ಕೂ ಸಂಕೋಚವಾಗುತ್ತದೆ. ಅದಕ್ಕೇ ಅದು ರಾಮ್ಲಾದ ಹುಡುಗನಿಗೆ, ಗಾಜಾದ ಹುಡುಗಿಗೆ ಹಂಚಿಹೋಯಿತು. ನನ್ನ ಹುಡುಕಾಟದ ಪಟ್ಟಿಯಿಂದ ಆತ್ಮಕಥೆ ಎಂಬ ಪದವನ್ನು ತೆಗೆದು, ಕುವೈತಿನಲ್ಲಿ ರಚನೆಯಾದ ಮಕ್ಕಳ ಪಾತ್ರಗಳನ್ನು ಹುಡುಕತೊಡಗಿದೆ. ಅಲ್ಲಿ ಎದುರಾದವನು ಹಂದಲಾ.

ಹಂದಲಾ ವ್ಯಂಗ್ಯಚಿತ್ರದ ಹುಡುಗ. ಬರಿಗಾಲು, ತೇಪೆ ಹಾಕಿದ ಬಟ್ಟೆ, ಮುಳ್ಳಿನಂತೆ ನೆಟ್ಟಗೆ ನಿಂತ ಕೂದಲು. ಬಿಡಿಸಿದವರು ನಾಜಿ ಅಲ್-ಅಲಿ. ಗಲಿಲಿಯ ಅಲ್-ಶಜರಾ ಅವರ ಹಳ್ಳಿ, ತಿಬೇರಿಯಾಸ್ ಮತ್ತು ನಜರೇತ್ ನಡುವೆ. 1948ರ ಮೇ ತಿಂಗಳಲ್ಲಿ ಅದು ಬರಿದಾಯಿತು. ಬೆಳೆದದ್ದು ಸೈದಾ ಬಳಿಯ ಐನ್ ಅಲ್-ಹಿಲ್ವೆ ಶಿಬಿರದಲ್ಲಿ. ಅಲ್ಲಿ ಅವರ ಚಿತ್ರಗಳನ್ನು ಕಂಡು, 1961ರಲ್ಲಿ ಬೈರೂತಿನ ‘ಅಲ್-ಹುರ್ರಿಯಾ’ ವಾರಪತ್ರಿಕೆಯಲ್ಲಿ ಮೊದಲು ಅಚ್ಚು ಹಾಕಿಸಿದವರು ಕನಫಾನಿ; ಅಷ್ಟರಲ್ಲಿ ಕನಫಾನಿ ಕುವೈತ್ ಬಿಟ್ಟಿದ್ದರು. ನಾಜಿ 1963ರಲ್ಲಿ ಕುವೈತಿಗೆ ಬಂದು ‘ಅಲ್-ತಲೀಆ’ ಪತ್ರಿಕೆ ಸೇರಿದರು. ದುಡ್ಡು ಕೂಡಿಸಿ ಕೈರೋದಲ್ಲೋ ರೋಮಿನಲ್ಲೋ ಚಿತ್ರಕಲೆ ಕಲಿಯುವ ಆಸೆ. ಗಲ್ಫಿಗೆ ಬರುವ ಎಷ್ಟು ಜನರ ಲೆಕ್ಕಾಚಾರ ಇದೇ ಅಲ್ಲವೇ? ನಾಲ್ಕು ವರ್ಷ ದುಡಿದು, ಆಮೇಲೆ ನಮ್ಮದನ್ನು ನಾವು ಮಾಡಿಕೊಳ್ಳೋಣ ಎಂದು. ಆ ಆಸೆ ಈಡೇರಲಿಲ್ಲ. 1969ರ ಜುಲೈ 13ರ ‘ಅಲ್-ಸಿಯಾಸಾ’ ಪತ್ರಿಕೆಯಲ್ಲಿ ಹಂದಲಾ ಹುಟ್ಟಿದ. 1973ರ ಅರಬ್-ಇಸ್ರೇಲ್ ಯುದ್ಧದ ನಂತರ ಓದುಗರಿಗೆ ಬೆನ್ನು ತಿರುಗಿಸಿ, ಕೈಗಳನ್ನು ಹಿಂದೆ ಕಟ್ಟಿ ನಿಂತ.

ಹಂದಲಾನ ವಯಸ್ಸು ಹತ್ತು. ಊರು ಬಿಟ್ಟಾಗ ತನಗೆ ಹತ್ತು ವರ್ಷ, ಆದ್ದರಿಂದ ಇವನಿಗೂ ಹತ್ತೇ. ಊರಿಗೆ ಮರಳುವವರೆಗೆ ಇವನು ಬೆಳೆಯುವುದಿಲ್ಲ ಎಂದು ನಾಜಿ ಹೇಳುತ್ತಿದ್ದರು. ಕುವೈತಿನ ದುಡ್ಡು, ಅನುಕೂಲಗಳ ನಡುವೆ ದಾರಿ ತಪ್ಪದಂತೆ ತನ್ನನ್ನು ಕಾಯಲು ಈ ಶಿಬಿರದ ಹುಡುಗ ಬೇಕಾಯಿತು ಎಂದೂ ವಿವರಿಸಿದ್ದಾರೆ. ಸಂಶೋಧಕನ ಚಟದಂತೆ ನಾನು ವಯಸ್ಸಿನ ಲೆಕ್ಕ ನೋಡಿದೆ. ನಾಜಿಯವರ ಹುಟ್ಟಿದ ವರ್ಷ ಒಂದೆಡೆ 1936, ಇನ್ನೊಂದೆಡೆ 1937, ಮತ್ತೊಂದೆಡೆ 1938. ಹತ್ತು ವರ್ಷ ಸರಿಹೊಂದುವುದು ಕೊನೆಯ ಎರಡಕ್ಕೆ ಮಾತ್ರ. ಮೊದಲನೆಯದನ್ನು ಒಪ್ಪಿದರೆ ಊರು ಬಿಟ್ಟಾಗ ಅವರಿಗೆ ಕನಫಾನಿಯಷ್ಟೇ, ಹನ್ನೆರಡರ ಸುಮಾರು. ಕಾಗದಗಳಿಗಿಂತ ಹಂದಲಾನ ವಯಸ್ಸೇ ಹೆಚ್ಚು ಗಟ್ಟಿಯಾಗಿ ನಿಂತಿದೆ: ಹುಟ್ಟಿದ ವರ್ಷವನ್ನು ಬೇರೆ ಬೇರೆಯಾಗಿ ಕೊಡುವ ಬರಹಗಳೂ ‘ಹತ್ತು’ ಎಂಬುದನ್ನು ಬದಲಿಸುವುದಿಲ್ಲ. ಒಬ್ಬ ಮನುಷ್ಯ ತನ್ನ ಬಾಲ್ಯದ ಒಂದೇ ಒಂದು ಸಂಗತಿಯನ್ನು, ಊರು ಬಿಟ್ಟ ವಯಸ್ಸನ್ನು, ವರ್ಷಗಟ್ಟಲೆ ಪತ್ರಿಕೆಯಲ್ಲಿ ಅಚ್ಚು ಮಾಡಿಸುತ್ತಲೇ ಹೋದರೆ ಅದು ಆತ್ಮಕಥನವಲ್ಲದೆ ಮತ್ತೇನು? ಕುವೈತಿನಲ್ಲಿ ನಾನು ಹುಡುಕಿದ ಪುಸ್ತಕ ದಿನಪತ್ರಿಕೆಯ ಒಂದು ಚೌಕದಲ್ಲಿತ್ತು ಎಂದೇ ನಾನು ನಂಬಿದ್ದೇನೆ.

ಆ ಚೌಕಕ್ಕೆ ತೆತ್ತ ಬೆಲೆ ದೊಡ್ಡದು. ಬೈರೂತಿಗೆ ಹೋಗಿ, 1982ರ ಇಸ್ರೇಲಿ ದಾಳಿಯನ್ನು ಕಂಡು, 1983ರಲ್ಲಿ ನಾಜಿ ಮತ್ತೆ ಕುವೈತಿಗೆ ಬಂದು ‘ಅಲ್-ಕಬಸ್’ ಸೇರಿದರು. ಇರಾಕಿನಿಂದ ತಪ್ಪಿಸಿಕೊಂಡು ಬಂದಿದ್ದ ಕವಿ ಅಹ್ಮದ್ ಮತರ್ ಅದೇ ಪತ್ರಿಕೆಯಲ್ಲಿದ್ದರು. ಇಬ್ಬರನ್ನೂ ದೇಶ ಬಿಡಿಸಲಾಯಿತು. ನಾಜಿ ಹೊರಟದ್ದು 1985ರಲ್ಲಿ, ಲಂಡನ್ನಿಗೆ. 1987ರ ಜುಲೈ 22ರಂದು ಅಲ್ಲಿನ ಪತ್ರಿಕಾ ಕಚೇರಿಯ ಹೊರಗೆ ಅವರಿಗೆ ಗುಂಡು ಹೊಡೆದರು. ಆಗಸ್ಟ್ 29ರಂದು ತೀರಿಕೊಂಡರು. ಮೂವತ್ತು ವರ್ಷಗಳ ನಂತರ, 2017ರಲ್ಲಿ, ಲಂಡನ್ ಪೊಲೀಸರು ಜನರಿಂದ ಮತ್ತೆ ಮಾಹಿತಿ ಕೇಳಿದರು. ಕನಫಾನಿಯವರನ್ನು ಅದಕ್ಕೂ ಮುಂಚೆಯೇ, 1972ರ ಜುಲೈ 8ರಂದು, ಬೈರೂತಿನಲ್ಲಿ ಕಾರಿಗೆ ಬಾಂಬಿಟ್ಟು ಕೊಂದಿದ್ದರು. ಜೊತೆಗಿದ್ದವಳು ಅಕ್ಕನ ಮಗಳು, ಹದಿನೇಳರ ಲಮೀಸ್. ಅವಳ ಹುಟ್ಟುಹಬ್ಬಗಳಿಗೆ ಅವರು ತಾವೇ ಕಥೆ ಬರೆದು, ಚಿತ್ರ ಬಿಡಿಸಿ ಕೊಡುತ್ತಿದ್ದರು. ‘ಪುಟ್ಟ ಲಾಂದ್ರ’ದ ಕಥೆ ಹಾಗೆ ಹುಟ್ಟಿದ್ದು. ತಮ್ಮ ಬಾಲ್ಯದ ಪುಸ್ತಕ ಬರೆಯುವ ವಯಸ್ಸನ್ನು ಕನಫಾನಿ, ನಾಜಿ ಇಬ್ಬರೂ ಮುಟ್ಟಲಿಲ್ಲ.

ಬಾಲ್ಯವನ್ನು ಬರೆದ ಪ್ಯಾಲೆಸ್ತೀನಿ ಲೇಖಕರು ಬಹಳ ತಡವಾಗಿ ಬರೆದರು. ಫದ್ವಾ ತೂಕಾನ್ ತಮ್ಮ ಬೆಟ್ಟದ ಹಾದಿಯ ಪಯಣವನ್ನು 1985ರಲ್ಲಿ ಪುಸ್ತಕ ಮಾಡಿದರು. ಬಗ್ದಾದಿನಲ್ಲಿ ನೆಲೆನಿಂತ ಜಬ್ರಾ ಇಬ್ರಾಹಿಂ ಜಬ್ರಾ ಬೆತ್ಲೆಹೇಮಿನ ಬಾಲ್ಯವನ್ನಷ್ಟೇ ಆರಿಸಿಕೊಂಡು ‘ಮೊದಲ ಬಾವಿ’ ಬರೆದದ್ದು 1987ರಲ್ಲಿ. ಅವರ ಬಗ್ದಾದಿನ ಮನೆ, ಅದರಲ್ಲಿದ್ದ ಕಾಗದಗಳು, ಚಿತ್ರಗಳು 2010ರ ಏಪ್ರಿಲ್‌ನ ಬಾಂಬ್ ಸ್ಫೋಟದಲ್ಲಿ ನಾಶವಾದವು. ಪುಸ್ತಕ ಆಗದಿದ್ದರೆ ಬಾವಿಯೂ ಹೋಗುತ್ತಿತ್ತು. ಎಡ್ವರ್ಡ್ ಸೈದ್ ರಕ್ತದ ಕ್ಯಾನ್ಸರ್ ಪತ್ತೆಯಾದ ಮೇಲೆ, ಚಿಕಿತ್ಸೆಯ ನಡುವೆ ಬರೆದ ಬಾಲ್ಯಕಥನ ಬಂದದ್ದು 1999ರಲ್ಲಿ. ಆಯುಸ್ಸು ಸಿಕ್ಕವರಿಗೆ ‘ನನ್ನ ಅಪ್ಪ’ ಎನ್ನುವ ಧೈರ್ಯವೂ ಸಿಕ್ಕಿತು. ಸೈದ್ ಅವರ ಪುಸ್ತಕದ ಜೀವವೇ ಆ ಕಠಿಣ ತಂದೆ.

ಈ ನಡುವೆ ಕುವೈತೇ ಕಳೆದುಹೋದ ಊರಾಯಿತು. 1990ರಲ್ಲಿ ಇಲ್ಲಿ ಸುಮಾರು 4 ಲಕ್ಷ ಪ್ಯಾಲೆಸ್ತೀನಿಯರಿದ್ದರು; ಆಗಸ್ಟ್ 2ರಂದು ಇರಾಕ್ ನುಗ್ಗಿತು. ಯುದ್ಧ ಮುಗಿದ ಮೇಲೆ, ಅವರ ನಾಯಕರು ಸದ್ದಾಮನ ಪರ ನಿಂತ ಸಿಟ್ಟು ಜನರ ಮೇಲೆ ತಿರುಗಿ, ಉಳಿದವರು ಕೆಲವು ಹತ್ತು ಸಾವಿರದಷ್ಟು ಮಂದಿ ಮಾತ್ರ. ಹವಲ್ಲಿಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಅಪ್ಪ ಅಮ್ಮಂದಿರ ಊರು ಕೇಳಿ ಮಾತ್ರ ಗೊತ್ತು; ಅವರು ಬಿಟ್ಟುಹೋದದ್ದು ಕುವೈತಿನ ಬೀದಿಗಳನ್ನು. ಇಲ್ಲಿ ಬೆಳೆದು 1991ರಲ್ಲಿ ಅಮೆರಿಕ ಸೇರಿದ ರಂದಾ ಜರ್ರಾರ್ 2008ರಲ್ಲಿ ಆ ಬಾಲ್ಯವನ್ನು ಬರೆದರು. ಅದು ಕಾದಂಬರಿ, ನಾಯಕಿಗೆ ಬೇರೆ ಹೆಸರು. ಅರ್ಧ ಶತಮಾನದ ಮೇಲೂ ಆ ಬಾಲ್ಯ ಇನ್ನೊಂದು ಮಗುವಿನ ಕೈ ಹಿಡಿದೇ ಬಂತು.

1990ರ ಅದೇ ಆಗಸ್ಟ್‌ನಲ್ಲಿ ಕುವೈತಿನಿಂದ ನಮ್ಮವರೂ ಹೊರಟರು. ಬಸ್ಸು ಹಿಡಿದು, ಇರಾಕ್ ದಾಟಿ, ಜೋರ್ಡಾನಿನ ಮರುಭೂಮಿಯ ಡೇರೆಗಳಲ್ಲಿ ಕಾದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹತ್ತಿ ಮುಂಬಯಿಯಲ್ಲಿ ಇಳಿದವರು. ಭಾರತಕ್ಕೆ ಮರಳಿದವರು ಒಟ್ಟು ಸುಮಾರು 1,70,000 ಎಂದು ಲೆಕ್ಕ. ಅವರಿಗೆ ಮರಳಲು ಊರಿತ್ತು; ಆ ವ್ಯತ್ಯಾಸವನ್ನು ಮರೆಯಬಾರದು. ಆದರೂ ಮಂಗಳೂರು, ಉಡುಪಿ, ಭಟ್ಕಳದ ಮನೆಗಳಲ್ಲಿ ಆಗ ಎಂಟು, ಹತ್ತು ವರ್ಷದವರಾಗಿದ್ದು ಈಗ ನಲವತ್ತು ದಾಟಿದವರಿದ್ದಾರೆ. ಅರ್ಧಕ್ಕೆ ನಿಂತ ತರಗತಿಯ ಅಂಕಪಟ್ಟಿ, ಅಪ್ಪನ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ತಮ್ಮ ಫೋಟೊ, ಅಮ್ಮಾನಿನ ಮೊಹರು ಅವರ ಬಳಿ ಇನ್ನೂ ಇರಬೇಕು. ಹಂದಲಾನ ಕಡತವನ್ನು ಮುಚ್ಚಿಟ್ಟು, ಈಗ ಅವರಿಗೆ ಒಬ್ಬೊಬ್ಬರಿಗಾಗಿ ಬರೆಯುತ್ತಿದ್ದೇನೆ.