ಬಡಗಿ ಫ್ರಾನ್ಸಿಸ್ ಈಟನ್‌ನ ಮನೆತನವನ್ನು ಹುಡುಕುತ್ತಾ...



ನಿಮ್ಮ ಅಜ್ಜನ ಅಜ್ಜನ ಹೆಸರೇನು? ಅವರು ಯಾವ ಕೆಲಸ ಮಾಡುತ್ತಿದ್ದರು? ಅವರ ಪತ್ನಿಯ ಹೆಸರೇನು? ಮೊದಲ ಪ್ರಶ್ನೆಗೆ ಕೆಲವರು ಉತ್ತರ ಕೊಟ್ಟಾರು. ಮೂರನೆಯದಕ್ಕೆ ಕೊಡುವವರು ತೀರಾ ವಿರಳ. ರಾಜರ, ಸುಲ್ತಾನರ ವಂಶಾವಳಿಯನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಆದರೆ ಕೈಕೆಲಸ ಮಾಡಿ ಬದುಕಿದ ಒಬ್ಬ ಸಾಮಾನ್ಯ ಮನುಷ್ಯನ ಚರಿತ್ರೆಯನ್ನು ಬರೆಯಲು ಸಾಧ್ಯವೇ? ನಾಲ್ಕು ನೂರು ವರ್ಷಗಳ ಹಿಂದಿನ ಒಬ್ಬ ಬಡಗಿಯ ಉದಾಹರಣೆಯನ್ನು ನಿಮ್ಮ ಮುಂದಿಡುತ್ತೇನೆ.

1620ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಂದರಿನಿಂದ ಮೇಫ್ಲವರ್ ಎಂಬ ಹಡಗು 102 ಪ್ರಯಾಣಿಕರನ್ನು ಹೊತ್ತು ಅಮೆರಿಕಕ್ಕೆ ಹೊರಟಿತು. ಅದರಲ್ಲಿ ಫ್ರಾನ್ಸಿಸ್ ಈಟನ್, ಆತನ ಪತ್ನಿ ಸಾರಾ ಮತ್ತು ಹಾಲು ಕುಡಿಯುವ ಮಗು ಸ್ಯಾಮ್ಯುಯೆಲ್ ಇದ್ದರು. ಇದು ನಮಗೆ ತಿಳಿಯುವುದು ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಸುಮಾರು 1651ರಲ್ಲಿ ತಯಾರಿಸಿದ ಪಟ್ಟಿಯಿಂದ. ಯಾರು ಬಂದರು, ಯಾರು ಸತ್ತರು, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನೆಲ್ಲ ಆತ ಬರೆದಿಟ್ಟ. ಆ ಹಸ್ತಪ್ರತಿಯ ಪಾಡೇ ಒಂದು ಕಥೆ. ಬಹುಕಾಲ ಕಾಣೆಯಾಗಿದ್ದ ಅದು 1855ರಲ್ಲಿ ಲಂಡನ್ ಬಿಷಪ್ಪರ ಗ್ರಂಥಾಲಯದಲ್ಲಿ ಪತ್ತೆಯಾಗಿ, 1897ರಲ್ಲಿ ಮ್ಯಾಸಚೂಸೆಟ್ಸ್‌ಗೆ ಮರಳಿತು. ಅದು ಸಿಗದೇ ಹೋಗಿದ್ದರೆ ಈ ಬಡಗಿಯ ಸಂಸಾರದ ಅರ್ಧ ಕಥೆ ಕತ್ತಲಲ್ಲೇ ಉಳಿಯುತ್ತಿತ್ತು.

ಈಟನ್ ಹುಟ್ಟಿದ್ದೆಲ್ಲಿ ಎಂಬುದು ವಂಶಜರಿಗೂ ಬಹಳ ಕಾಲ ತಿಳಿದಿರಲಿಲ್ಲ. ಕೊನೆಗೆ ಬ್ರಿಸ್ಟಲ್ ಬಂದರು ನಗರದ ಸೇಂಟ್ ಥಾಮಸ್ ಚರ್ಚಿನ ಹಳೆಯ ರಿಜಿಸ್ಟರಿನಲ್ಲಿ 1596ರ ಸೆಪ್ಟೆಂಬರಿನ ಒಂದು ದಾಖಲೆ ದೊರೆಯಿತು. ಅದರ ವಿವರ ಪ್ರಕಟವಾದದ್ದು 1997ರಲ್ಲಿ! ಮನುಷ್ಯ ಹುಟ್ಟಿ ನಾಲ್ಕು ಶತಮಾನಗಳ ಮೇಲೆ ಆತನ ಊರು ಗೊತ್ತಾಯಿತು. ಚರ್ಚಿನ ಗುಮಾಸ್ತನೊಬ್ಬ ಅಂದು ಸೋಮಾರಿತನ ಮಾಡದೆ ಒಂದು ಸಾಲು ಬರೆದಿದ್ದರ ಫಲವಿದು. ನಮ್ಮ ಜಮಾಅತುಗಳ ನಿಕಾಹ್ ರಿಜಿಸ್ಟರುಗಳು, ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳು ಗೆದ್ದಲಿಗೆ ಆಹಾರವಾಗುವುದನ್ನು ಕಂಡಾಗಲೆಲ್ಲ ನನಗೆ ಆ ಗುಮಾಸ್ತನ ನೆನಪಾಗುತ್ತದೆ.

ಇನ್ನು ಹಡಗಿನವರ ಕಡೆಗೆ ಬರೋಣ. ನವೆಂಬರಿನಲ್ಲಿ ದಡ ಕಂಡಿತು. ಒಟ್ಟಾಗಿ ಬಾಳುವ ಒಪ್ಪಂದ ಪತ್ರಕ್ಕೆ ಸಹಿ ಹಾಕಿದ 41 ಗಂಡಸರಲ್ಲಿ ಈಟನ್ ಕೂಡ ಒಬ್ಬ. ಅವರು ನೆಲೆಸಿದ ಜಾಗ ಖಾಲಿ ಜಾಗವೇನೂ ಆಗಿರಲಿಲ್ಲ. ಅದು ವಾಂಪನೋಗ್ ಜನರ ಪಟುಕ್ಸೆಟ್ ಎಂಬ ಊರು. 1616ರಿಂದ 1619ರ ನಡುವಿನ ಸಾಂಕ್ರಾಮಿಕ ರೋಗಕ್ಕೆ ಊರಿಗೆ ಊರೇ ನಿರ್ನಾಮವಾಗಿತ್ತು. 'ಮೊದಲ ನೆಲಸಿಗರು' ಎಂಬ ಮಾತನ್ನು ಓದುವಾಗ ಇದನ್ನು ನೀವು ಮರೆಯಬಾರದು. ಬೇರೆಯವರು ಹಸನು ಮಾಡಿಟ್ಟ ಹೊಲಗಳ ನಡುವೆ ಇವರು ಮನೆ ಕಟ್ಟಿದರು.

ಡಿಸೆಂಬರ್ 25ರಂದು ಮೊದಲ ಕಟ್ಟಡದ ಕೆಲಸ ಆರಂಭವಾಯಿತು. ಸುಮಾರು 20 ಅಡಿ ಚದರದ ಒಂದು ಮನೆ, ಹುಲ್ಲಿನ ಮಾಡು. ಜನವರಿಯಲ್ಲಿ ಆ ಮಾಡಿಗೆ ಬೆಂಕಿ ಬಿತ್ತು. ಒಳಗೆ ರೋಗಿಗಳು ಒತ್ತೊತ್ತಾಗಿ ಮಲಗಿದ್ದರು. ಪುಣ್ಯಕ್ಕೆ ಸುಟ್ಟದ್ದು ಮಾಡು ಮಾತ್ರ. ಅಂಥ ಚಳಿಯಲ್ಲಿ ಬಡಗಿಯ ಕೈಗಳಿಗೆ ಎಷ್ಟು ಬೆಲೆ ಇತ್ತೆಂದು ನೀವೇ ಊಹಿಸಿ. ಆ ಚಳಿಗಾಲದಲ್ಲಿ ಬಂದವರಲ್ಲಿ ಅರ್ಧದಷ್ಟು ಜನ ಸತ್ತರು. ಸಾರಾ ಕೂಡ ಸತ್ತಳು. ಕೈಕೂಸು ಉಳಿಯಿತು.

ಈಟನ್ ಮತ್ತೆ ಮದುವೆಯಾದ. ಆಕೆಯೂ ಬಹುಬೇಗ ತೀರಿಕೊಂಡಳು. ಬ್ರಾಡ್‌ಫರ್ಡ್ ಆಕೆಯ ಹೆಸರನ್ನೇ ಬರೆಯಲಿಲ್ಲ. 1623ರಲ್ಲಿ ಆನ್ ಎಂಬ ಹಡಗಿನಲ್ಲಿ ಬಂದ ಕ್ರಿಸ್ಟಿಯನ್ ಪೆನ್ ಮೂರನೆಯ ಪತ್ನಿಯಾದಳು. 1627ರ ಮೇ 22ರಂದು ವಸಾಹತಿನ ಜಾನುವಾರುಗಳನ್ನು ಹದಿಮೂರು ಹದಿಮೂರು ಜನರ ಗುಂಪುಗಳಿಗೆ ಹಂಚಿದರು. ಈಟನ್‌ನ ಗುಂಪಿಗೆ ಬಂದದ್ದು ಬಿಳಿ ಹೊಟ್ಟೆಯ ಒಂದು ಕಡಸು, ಎರಡು ಹೆಣ್ಣು ಆಡುಗಳು. ಆ ಪಟ್ಟಿಯಲ್ಲಿ ಈಟನ್, ಕ್ರಿಸ್ಟಿಯನ್, ಸ್ಯಾಮ್ಯುಯೆಲ್ ಜೊತೆಗೆ ರೇಚಲ್ ಎಂಬ ಹೊಸ ಹೆಸರಿದೆ. ಅಂದರೆ ಆ ಹೊತ್ತಿಗೆ ಮಗಳು ಹುಟ್ಟಿದ್ದಳು. ನೋಡಿ, ದನ ಹಂಚಿದ ಲೆಕ್ಕವೇ ಇಂದು ಜನನ ದಾಖಲೆಯ ಕೆಲಸ ಮಾಡುತ್ತಿದೆ.

ಇಲ್ಲಿ ಒಂದು ಎಚ್ಚರಿಕೆ. ಹಡಗು ಕಟ್ಟುವ ಬಡಗಿ ಸತ್ತ ಮೇಲೆ, ಆತನ ಕೈಕೆಳಗೆ ದುಡಿದಿದ್ದ ಒಬ್ಬ ಜಾಣ ಮನೆ ಬಡಗಿ ಒಂದು ದೋಣಿಯನ್ನು ನಡುವೆ ಕತ್ತರಿಸಿ ಐದಾರು ಅಡಿ ಉದ್ದಮಾಡಿಕೊಟ್ಟ ಎಂದು ಬ್ರಾಡ್‌ಫರ್ಡ್ ಬರೆದಿದ್ದಾನೆ. ಹೆಸರು ಹೇಳಿಲ್ಲ. ಅದು ಈಟನ್ ಇದ್ದರೂ ಇರಬಹುದು. ಆದರೆ 'ಇರಬಹುದು' ಎಂಬುದನ್ನು 'ಹೌದು' ಎಂದು ಬರೆದ ಕ್ಷಣ ಅದು ಚರಿತ್ರೆಯಲ್ಲ, ಮನೆತನದ ಬಡಾಯಿ. ನಮ್ಮಲ್ಲಿ ಎಷ್ಟೋ ಕುಟುಂಬ ಚರಿತ್ರೆಗಳು ಕೆಟ್ಟಿರುವುದು ಇಲ್ಲೇ.

1633ರಲ್ಲಿ ಹಬ್ಬಿದ ಜ್ವರ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಊರಿಗಿದ್ದ ವೈದ್ಯ ಸ್ಯಾಮ್ಯುಯೆಲ್ ಫುಲ್ಲರ್ ಕೂಡ ಉಳಿಯಲಿಲ್ಲ. ಈಟನ್ ತೀರಿಕೊಂಡದ್ದೂ ಆಗಲೇ. ನವೆಂಬರಿನಲ್ಲಿ ಆತನ ಸೊತ್ತಿನ ಪಟ್ಟಿ ತಯಾರಾಯಿತು: ಒಂದು ದನ, ಒಂದು ಕರು, ಎರಡು ಹಂದಿ, ಐವತ್ತು ಬುಶೆಲ್ ಜೋಳ, ಒಂದು ಕರಿ ಉಡುಪು, ಒಂದು ಬಿಳಿ ಟೋಪಿ, ಒಂದು ಕರಿ ಟೋಪಿ, ಮತ್ತೆ ಗರಗಸ, ಸುತ್ತಿಗೆ, ಬಾಚಿ, ಮೂಲೆಮಟ್ಟ, ಬೈರಿಗೆ, ಉಳಿ. ಇಷ್ಟನ್ನೂ ಮಾರಿದರೂ ಸಾಲ ತೀರುವಂತಿರಲಿಲ್ಲ. ನ್ಯಾಯಾಲಯವು ಆತನನ್ನು 'ಬಡಗಿ' ಎಂದೇ ನಮೂದಿಸಿ, ಸಾಲಗಾರರು ವಿಧವೆಯನ್ನು ಪೀಡಿಸಬಾರದೆಂದು ಆದೇಶಿಸಿತು. ಊರಿಗೆಲ್ಲ ಬಾಗಿಲು ಕೂರಿಸಬಲ್ಲವನು ಸಾಲದಲ್ಲಿ ಸತ್ತ ಎಂಬುದು ಓದುವವರ ಕರುಳನ್ನು ಚುರುಕ್ ಎನಿಸುತ್ತದೆ.

ಕ್ರಿಸ್ಟಿಯನ್ 1634ರಲ್ಲಿ ಫ್ರಾನ್ಸಿಸ್ ಬಿಲ್ಲಿಂಗ್ಟನ್ ಎಂಬವನನ್ನು ಮದುವೆಯಾದಳು. ಈತನೂ ಮೇಫ್ಲವರ್‌ನಲ್ಲಿ ಬಂದ ಹುಡುಗ. ಈತನ ತಂದೆ ಕೊಲೆ ಅಪರಾಧಕ್ಕಾಗಿ 1630ರಲ್ಲಿ ಗಲ್ಲಿಗೇರಿದ್ದ. ಬಡತನದ ಮನೆ. ಮಕ್ಕಳನ್ನು ಒಬ್ಬೊಬ್ಬರಾಗಿ ಬೇರೆ ಮನೆಗಳಿಗೆ ಒಪ್ಪಿಸಬೇಕಾಯಿತು. ಸ್ಯಾಮ್ಯುಯೆಲ್‌ನನ್ನು 1636ರಲ್ಲಿ ಜಾನ್ ಕುಕ್ ಬಳಿ ಏಳು ವರ್ಷಕ್ಕೆ ಬಿಟ್ಟರು. ಅದೇ ವರ್ಷದ ಆರಂಭದಲ್ಲಿ ಪುಟ್ಟ ಬೆಂಜಮಿನ್‌ನನ್ನು ವೈದ್ಯ ಫುಲ್ಲರ್‌ನ ವಿಧವೆ ಬ್ರಿಜೆಟ್‌ಗೆ ಹದಿನಾಲ್ಕು ವರ್ಷಕ್ಕೆ ಒಪ್ಪಿಸಿದರು. ಆ ಕರಾರಿನ ಒಂದು ಷರತ್ತನ್ನು ನೀವು ಗಮನಿಸಲೇಬೇಕು: ಹುಡುಗನಿಗೆ ಎರಡು ವರ್ಷ ಶಾಲೆ ಕಲಿಸಬೇಕು. ಉಳಿದ ಹನ್ನೆರಡು ವರ್ಷ ಆಕೆ ಹೇಳಿದ ಕೆಲಸ. ಹದಿನಾಲ್ಕು ವರ್ಷದ ದುಡಿಮೆಗೆ ಎರಡು ವರ್ಷದ ಅಕ್ಷರ. ಮಗನನ್ನು ಕಳಿಸಿಕೊಟ್ಟ ತಾಯಿಗೆ ದಕ್ಕಿದ ಸಮಾಧಾನ ಅಷ್ಟೇ.

ರೇಚಲ್ 1646ರಲ್ಲಿ, ಬೆಂಜಮಿನ್ 1660ರಲ್ಲಿ ಮದುವೆಯಾದರು. ಸ್ಯಾಮ್ಯುಯೆಲ್ ಮೊದಲ ಪತ್ನಿ ತೀರಿದ ಮೇಲೆ 1661ರಲ್ಲಿ ಮಾರ್ಥಾ ಬಿಲ್ಲಿಂಗ್ಟನ್‌ಳ ಕೈ ಹಿಡಿದ. ಈಕೆ ಯಾರು ಬಲ್ಲಿರಾ? ಆತನ ಮಲತಾಯಿ ಕ್ರಿಸ್ಟಿಯನ್‌ಳಿಗೆ ಬಿಲ್ಲಿಂಗ್ಟನ್‌ನಿಂದ ಹುಟ್ಟಿದ ಮಗಳು. ಗಂಡ ಹೆಂಡಿರ ನಡುವೆ ರಕ್ತಸಂಬಂಧ ಇರಲಿಲ್ಲ. ಆದರೆ ರೇಚಲ್, ಬೆಂಜಮಿನ್ ಇಬ್ಬರಿಗೂ ಅಣ್ಣನೇ ತಂಗಿಯ ಗಂಡನಾದ! ಒಂದು ಹಾಳೆ ತೆಗೆದುಕೊಂಡು ಗೆರೆ ಎಳೆದು ನೋಡಿ, ಅರ್ಥವಾಗುತ್ತದೆ. ಹಾಲುಗೂಸಾಗಿ ಸಾಗರ ದಾಟಿದ್ದ ಸ್ಯಾಮ್ಯುಯೆಲ್ 1684ರಲ್ಲಿ ಮಿಡ್ಲ್‌ಬರೋ ಎಂಬಲ್ಲಿ ತೀರಿಕೊಂಡ. 1897ರಲ್ಲಿ ಸ್ಥಾಪನೆಯಾದ ಮೇಫ್ಲವರ್ ವಂಶಜರ ಸಂಘವು ಈ ಮನೆತನದ ಐದು ತಲೆಮಾರುಗಳ ವಿವರವನ್ನು ಆಧಾರ ಸಹಿತ ಪುಸ್ತಕವಾಗಿ ಹೊರತಂದಿದೆ.

ಆ ಪುಸ್ತಕದಲ್ಲೂ ತುಂಬದ ಒಂದು ಜಾಗವಿದೆ. ಕ್ರಿಸ್ಟಿಯನ್‌ಳಿಂದ ಈಟನ್‌ಗೆ ಹುಟ್ಟಿದವರು ಮೂವರು. ಮೂರನೆಯ ಮಗುವಿನ ಬಗ್ಗೆ ಬ್ರಾಡ್‌ಫರ್ಡ್ ಬರೆದದ್ದು ಬುದ್ಧಿ ಬೆಳೆಯದ್ದು ಎಂದು ಮಾತ್ರ. 1651ರಲ್ಲಿ ಆ ಮಗು ಜೀವಂತವಿತ್ತು, ಹದಿನೇಳಾದರೂ ತುಂಬಿತ್ತು. ಅದು ಗಂಡೋ ಹೆಣ್ಣೋ ಎಂಬುದನ್ನಾಗಲಿ, ಹೆಸರನ್ನಾಗಲಿ ಯಾರೂ ಬರೆದಿಡಲಿಲ್ಲ.