ಇನ್ ನದಿ

ಮಧ್ಯ ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯ, ಜರ್ಮನಿಗಳಲ್ಲಿ ಸುಮಾರು 517 ಕಿ.ಮೀ. ಹರಿದು ಪಸ್ಸೌ ನಗರದಲ್ಲಿ ಡ್ಯಾನ್ಯೂಬನ್ನು ಸೇರುವ ನದಿ. ಜಲಾನಯನ ಪ್ರದೇಶ ಸುಮಾರು 26,000 ಚ.ಕಿ.ಮೀ.

ಉಗಮ: ಸ್ವಿಟ್ಜರ್ಲೆಂಡಿನ ಆಗ್ನೇಯ ಭಾಗದಲ್ಲಿ, ಮಲೋಯ ಕಣಿವೆದಾರಿಯ ಮೇಲ್ಗಡೆ 2,484 ಮೀ. ಎತ್ತರದಲ್ಲಿರುವ ಲುಂಘಿನ್ ಸರೋವರವೇ ಇದರ ಮೂಲ. ಆಲ್ಪ್ಸ್‌ನಲ್ಲಿ ಇದಕ್ಕಿಂತ ವಿಶೇಷವಾದ ಜಲವಿಭಾಜಕ ಸಿಗುವುದು ಕಷ್ಟ. ಪಕ್ಕದ ಲುಂಘಿನ್ ಕಣಿವೆದಾರಿಯ ಒಂದು ಬದಿಗೆ ಬಿದ್ದ ಮಳೆ ರೈನ್ ಮೂಲಕ ಉತ್ತರ ಸಮುದ್ರಕ್ಕೂ, ಇನ್ನೊಂದು ಬದಿಯದು ಪೋ ಮೂಲಕ ಏಡ್ರಿಯಾಟಿಕ್ ಸಮುದ್ರಕ್ಕೂ, ಮೂರನೆಯದು ಇನ್ ಮೂಲಕ ಕಪ್ಪು ಸಮುದ್ರಕ್ಕೂ ಹೋಗುತ್ತದೆ.

ಮೇಲ್ದಂಡೆ: ಸಿಲ್ಸ್, ಸಿಲ್ವಾಪ್ಲಾನ, ಸೇಂಟ್ ಮೋರಿಟ್ಜ್ ಸರೋವರಗಳನ್ನು ಹಾದು ನದಿ ಎಂಗಡೀನ್ ಕಣಿವೆಯಲ್ಲಿ ಈಶಾನ್ಯಕ್ಕೆ ಸಾಗುತ್ತದೆ. 4,049 ಮೀ. ಎತ್ತರದ ಬರ್ನಿನ ಶಿಖರದ ಸುತ್ತಲಿನ ಹಿಮನದಿಗಳ ನೀರನ್ನು ತರುವ ಫ್ಲಾಟ್ಸ್ ಇಲ್ಲಿನ ಮುಖ್ಯ ಉಪನದಿ. ಜೆರ್ನೆಟ್ಸ್ ಊರಿನಲ್ಲಿ ಸ್ಪೋಲ್ ಬಲದಂಡೆಗೆ ಬಂದು ಸೇರುತ್ತದೆ. 1914ರಲ್ಲಿ ಸ್ಥಾಪನೆಯಾದ ಸ್ವಿಸ್ ರಾಷ್ಟ್ರೀಯ ಉದ್ಯಾನದ ನಡುವೆ ಹರಿಯುವ ಈ ಹೊಳೆಗೆ ಅಣೆಕಟ್ಟು ಕಟ್ಟಿದ ಮೇಲೆ ಪ್ರವಾಹಗಳು ನಿಂತು, ಪಾತ್ರದಲ್ಲಿ ಪಾಚಿ, ಹೂಳು ತುಂಬಿತು. ಅದನ್ನು ತೊಳೆಯಲು 2000ದಿಂದ ಅಣೆಕಟ್ಟಿನಿಂದ ಆಗಾಗ ಕೃತಕ ಪ್ರವಾಹ ಬಿಡುತ್ತಿದ್ದಾರೆ. ನದಿಗೆ ನೀರಿನಷ್ಟೇ ಅದರ ಏರಿಳಿತವೂ ಬೇಕೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳು ವಿರಳ.

ಟಿರೋಲ್: ಫಿನ್‌ಸ್ಟರ್‌ಮ್ಯೂಂಟ್ಸ್ ಕೊರಕಲಿನಲ್ಲಿ ಆಸ್ಟ್ರಿಯ ಪ್ರವೇಶಿಸಿದ ಇನ್, ಲಾಂಡೆಕ್‌ನಲ್ಲಿ ಸನ್ನಾ ನದಿಯನ್ನು ಕೂಡಿಕೊಂಡು ಪೂರ್ವಕ್ಕೆ ತಿರುಗುತ್ತದೆ. ಮುಂದೆ ಓಟ್ಸ್‌ಟಾಲ್ ಕಣಿವೆಯ ಆಖೆ, ಬ್ರೆನರ್ ಕಣಿವೆದಾರಿಯ ಕಡೆಯಿಂದ ಇನ್ಸ್‌ಬ್ರುಕ್ ನಗರಕ್ಕೆ ಬರುವ ಸಿಲ್, ಅದರಾಚೆ ಟ್ಸಿಲ್ಲರ್ ಸೇರುತ್ತವೆ. ಮೂರೂ ದಕ್ಷಿಣದ ಎತ್ತರದ ಸಾಲುಗಳಿಂದ ಇಳಿಯುವ ಬಲದಂಡೆಯ ಉಪನದಿಗಳು. ಬೇಸಿಗೆಯಲ್ಲಿ ಇನ್ ತುಂಬಿ ಹರಿಯಲು ಕಾರಣ ಅಲ್ಲಿನ ಹಿಮ, ಹಿಮನದಿಗಳ ಕರಗು. ಹಿಮನದಿ ಅರೆದ ಬಂಡೆಯ ನುಣುಪು ಪುಡಿ ನೀರಿಗೆ ಮಾಸಲು ಹಸಿರು ಬಣ್ಣ ಕೊಡುತ್ತದೆ.

ಕೆಳದಂಡೆ: ಕುಫ್‌ಸ್ಟೈನ್ ದಾಟಿ ನದಿ ಬವೇರಿಯದ ತಪ್ಪಲಿಗೆ ಇಳಿಯುತ್ತದೆ. ರೋಸೆನ್‌ಹೈಮ್‌ನಲ್ಲಿ ಮಾಂಗ್‌ಫಾಲ್, ನಂತರ ಕೀಮ್ ಸರೋವರದಿಂದ ಹೊರಡುವ ಆಲ್ಟ್ಸ್ ಕೂಡುತ್ತವೆ. ಉಪನದಿಗಳಲ್ಲೆಲ್ಲ ದೊಡ್ಡದು ಜಾಲ್ಜಾಖ್. ಸುಮಾರು 225 ಕಿ.ಮೀ. ಉದ್ದದ ಇದು ಸಾಲ್ಜ್‌ಬರ್ಗ್ ನಗರವನ್ನು ಹಾದು ಬರುತ್ತದೆ. ಹಾಲೈನ್ ಗಣಿಗಳ ಉಪ್ಪು ಶತಮಾನಗಳ ಕಾಲ ಈ ನೀರಿನ ಮೇಲೆಯೇ ದೋಣಿಗಳಲ್ಲಿ ಸಾಗಿತು.

ಸಂಗಮ: ಪಸ್ಸೌನಲ್ಲಿ ಇನ್ನಿನ ಸರಾಸರಿ ಹರಿವು ಸೆಕೆಂಡಿಗೆ ಸುಮಾರು 740 ಘನ ಮೀಟರ್, ಡ್ಯಾನ್ಯೂಬಿನದು ಅದಕ್ಕಿಂತ ಕೊಂಚ ಕಡಿಮೆ. ಆದರೂ ಸಂಗಮದಾಚೆ ಉಳಿಯುವುದು ಡ್ಯಾನ್ಯೂಬ್ ಹೆಸರೇ. ಅಲ್ಲಿಗೆ ಬರುವಷ್ಟರಲ್ಲಿ ಡ್ಯಾನ್ಯೂಬ್ ಕ್ರಮಿಸಿದ ದಾರಿ ಉದ್ದವಾದದ್ದು, ಅದರ ಹರಿವು ವರ್ಷವಿಡೀ ಹೆಚ್ಚು ಸಮನಾದದ್ದು. ಚಳಿಗಾಲದಲ್ಲಿ ಹಿಮ ಹೆಪ್ಪುಗಟ್ಟಿದಾಗ ಇನ್ ಬಡವಾಗುತ್ತದೆ. ಇದೇ ಊರಿನಲ್ಲಿ ಉತ್ತರದಿಂದ ಇಲ್ಟ್ಸ್ ಕೂಡ ಸೇರುವುದರಿಂದ ಪ್ರವಾಹದ ಅಪಾಯ ಹೆಚ್ಚು. 2013ರ ಜೂನ್‌ನಲ್ಲಿ ಡ್ಯಾನ್ಯೂಬಿನ ಮಟ್ಟ ಇಲ್ಲಿ 12.89 ಮೀಟರಿಗೆ ಏರಿತ್ತು.

ಕೆಳದಂಡೆಯುದ್ದಕ್ಕೂ ವಿದ್ಯುತ್ ಅಣೆಕಟ್ಟುಗಳ ಸರಣಿಯಿದೆ. ಆಲ್ಪ್ಸ್‌ನಿಂದ ಬಂದ ಹೂಳು ಅವುಗಳ ಹಿನ್ನೀರಿನಲ್ಲಿ ನಿಂತು ನಡುಗಡ್ಡೆಗಳಾಗಿ, ಜೊಂಡು ಬೆಳೆದು, ವಲಸೆ ಹಕ್ಕಿಗಳ ದೊಡ್ಡ ತಂಗುದಾಣವಾಗಿದೆ. ಜರ್ಮನಿ ತನ್ನ ಕಡೆಯ ಭಾಗವನ್ನು 1976ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿಸಿತು.