‘ದೋಬಿ ಇಚ್’: ತುರಿಕೆ ಸಾಹೇಬರದ್ದು, ಕೆಟ್ಟ ಹೆಸರು ಮಡಿವಾಳರಿಗೆ

ಇವತ್ತಿನ ಸಂಚಿಕೆಯನ್ನ ಇಯರ್‌ಫೋನ್ ಹಾಕ್ಕೊಂಡೇ ಕೇಳಿ ಅಂತ ಮೊದಲೇ ಹೇಳಿಬಿಡ್ತೀನಿ. ವಿಷಯ, ತೊಡೆಸಂದಿನ ತುರಿಕೆ. ಮನೇಲಿ ಯಾರೂ ಬಾಯಿಬಿಟ್ಟು ಹೇಳಲ್ಲ. ಬಸ್ಸಲ್ಲಿ ನಿಂತಾಗ ಹಲ್ಲು ಕಚ್ಚಿಕೊಂಡು ಸಹಿಸ್ಕೋತೀವಿ, ರಾತ್ರಿ ಮೊಬೈಲ್‌ನಲ್ಲಿ ಕದ್ದು ಹುಡುಕ್ತೀವಿ. ಆದರೆ ಈ ತುರಿಕೆಗೊಂದು ಇತಿಹಾಸ ಇದೆ. ಅದರಲ್ಲಿ ಸಾಮ್ರಾಜ್ಯ ಇದೆ, ಹಡಗಿನ ವ್ಯಾಪಾರ ಇದೆ, ಮಹಾಯುದ್ಧ ಇದೆ. ಸುಮ್ಮನೆ ಹೆಸರು ಕೆಡಿಸಿಕೊಂಡ ಒಂದು ಕಸುಬಿನ ಜನರೂ ಇದ್ದಾರೆ.

ಹತ್ತೊಂಬತ್ತನೇ ಶತಮಾನಕ್ಕೆ ಹೋಗೋಣ. ಬ್ರಿಟಿಷ್ ಅಧಿಕಾರಿ, ಸಿಪಾಯಿ ಎಲ್ಲರೂ ನಮ್ಮ ಸೆಖೆಯಲ್ಲಿ ದಪ್ಪ ಬಟ್ಟೆ, ಬಿಗಿಯಾದ ಪ್ಯಾಂಟು, ಮೊಣಕಾಲವರೆಗಿನ ಬೂಟು ಹಾಕ್ಕೊಂಡು ಕುದುರೆ ಹತ್ತಿದವರು. ಬೆವರು ಒಳಗೇ ನಿಂತು ತೊಡೆಸಂದಿಯಲ್ಲಿ ಉಂಗುರದಂಥ ಕೆಂಪು ದದ್ದು ಏಳ್ತಿತ್ತು. ನಾವು ಹುಳುಕಡ್ಡಿ, ಗಜಕರ್ಣ ಅಂತೀವಲ್ಲ, ಅದೇ. ಕಾರಣ ಯಾರು? ಅವರ ಲೆಕ್ಕ ಸುಲಭವಾಗಿತ್ತು. ಬಟ್ಟೆ ಹೊರಗೆ ಹೋಗಿ ಬರುತ್ತೆ, ಅದನ್ನ ಒಗೆಯೋನು ದೋಬಿ, ಹಾಗಾಗಿ ತುರಿಕೆ ಕೊಟ್ಟವನೂ ಅವನೇ. ಹೆಸರು ಬಿತ್ತು: ‘ದೋಬಿ ಇಚ್’. ಉಷ್ಣವಲಯದ ರೋಗಗಳ ಬಗ್ಗೆ ಪ್ಯಾಟ್ರಿಕ್ ಮ್ಯಾನ್ಸನ್ ಬರೆದ, 1898ರಲ್ಲಿ ಮೊದಲು ಅಚ್ಚಾದ ಹೆಸರಾಂತ ಕೈಪಿಡಿಯ ಮೂಲಕ ಈ ಹೆಸರು ವೈದ್ಯವಿದ್ಯಾರ್ಥಿಗಳ ತಲೆಗೂ ಹೋಯ್ತು. ಇಂಗ್ಲಿಷ್ ನಿಘಂಟುಗಳಲ್ಲಿ ಇವತ್ತಿಗೂ ಇದೆ.

ನಮ್ಮ ಮಡಿವಾಳರು ಬಟ್ಟೆ ಒಗೀತಿದ್ದ ಕ್ರಮ ಹೇಗಿತ್ತು ನೋಡಿ. ಚೌಳು ಮಣ್ಣಿನ ನೀರಲ್ಲಿ ನೆನೆಸೋದು, ಉಬ್ಬೆಗೆ ಹಾಕಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸೋದು, ಹೊಳೇಲಿ ಕಲ್ಲಿಗೆ ಬಡಿಯೋದು, ಆಮೇಲೆ ಸುಡುಬಿಸಿಲಲ್ಲಿ ಹರವೋದು. ಅಷ್ಟೆಲ್ಲ ಆದಮೇಲೂ ಶಿಲೀಂಧ್ರ ಬದುಕಿ ಸಾಹೇಬರ ತೊಡೆ ಹುಡುಕ್ಕೊಂಡು ಹೋಗ್ಬೇಕು ಅಂದ್ರೆ ಅದಕ್ಕೆ ಆಯಸ್ಸು ಬಹಳ ಗಟ್ಟಿ ಇರಬೇಕು! ಬಟ್ಟೆಯಿಂದ ಈ ಸೋಂಕು ಹರಡೋದೇ ಇಲ್ಲ ಅಂತಲ್ಲ. ಒಂದೇ ಟವೆಲ್, ಒಂದೇ ಒಳಉಡುಪು ಇಬ್ಬರು ಬಳಸಿದ್ರೆ ಖಂಡಿತ ಹರಡುತ್ತೆ. ಆದರೆ ತೊಡೆಸಂದಿಗೆ ಅದು ಬರೋ ದೊಡ್ಡ ದಾರಿ ನಮ್ಮದೇ ಪಾದ. ಕಾಲ್ಬೆರಳ ಸಂದಿಯ ಶಿಲೀಂಧ್ರ, ಚಡ್ಡಿ ಏರಿಸುವಾಗ ಬಟ್ಟೆಗೆ ಅಂಟಿ ಮೇಲೆ ಬರುತ್ತೆ. ನನ್ನನ್ನ ಕೇಳಿದ್ರೆ, ಅದಕ್ಕೆ ‘ಬೂಟಿನ ತುರಿಕೆ’ ಅನ್ನೋ ಹೆಸರೇ ಹೆಚ್ಚು ನ್ಯಾಯ.

ಇನ್ನೊಂದು ತಮಾಷೆ. 1860ರಲ್ಲಿ ವಿಯೆನ್ನಾದ ಚರ್ಮವೈದ್ಯ ಫರ್ಡಿನಾಂಡ್ ಫಾನ್ ಹೆಬ್ರಾ ಇದೇ ರೋಗವನ್ನ ‘ಎಕ್ಜಿಮಾ ಮಾರ್ಜಿನೇಟಮ್’ ಅಂತ ವರ್ಣಿಸಿದ್ದ. ವಿಯೆನ್ನಾದಲ್ಲಿ ಯಾವ ದೋಬಿ ಇದ್ದ? ಮುಂದೆ 1910ರಲ್ಲಿ, ಕೊಲಂಬೊದಲ್ಲಿ ಕೆಲಸ ಮಾಡ್ತಿದ್ದ ಇಟಲಿಯ ವೈದ್ಯ ಆಲ್ಡೊ ಕಾಸ್ಟೆಲಾನಿ, ಈ ತುರಿಕೆಗೆ ಕಾರಣವಾಗುವ ಒಂದು ಶಿಲೀಂಧ್ರವನ್ನ ಗುರುತಿಸಿದ. ಅದರ ಈಗಿನ ಹೆಸರು ಟ್ರೈಕೊಫೈಟಾನ್ ರೂಬ್ರಮ್. ಅಪರಾಧಿ ಸಿಕ್ಕಿಬಿದ್ದಿತ್ತು. ಹೆಸರು ಮಾತ್ರ ಬದಲಾಗಲಿಲ್ಲ.

ಅಷ್ಟರಲ್ಲಿ ಔಷಧಿ ವ್ಯಾಪಾರವೂ ಜೋರಾಗಿತ್ತು. ಬೊಂಬಾಯಿಯಲ್ಲಿ ‘ಗೋವಾ ಪೌಡರ್’ ಅಂತ ಒಂದು ಪುಡಿ ಹುಳುಕಡ್ಡಿಗೆ ಸಿಗ್ತಿತ್ತು. ಎಲ್ಲಿಂದ ಬರುತ್ತೆ ಅನ್ನೋದು ಗುಟ್ಟು. 1870ರ ದಶಕದಲ್ಲಿ ಗುಟ್ಟು ರಟ್ಟಾಯ್ತು: ಅದು ಗೋವಾದ್ದೇ ಅಲ್ಲ, ಬ್ರೆಜಿಲ್‌ನ ಬಹಿಯಾ ಪ್ರಾಂತ್ಯದ ಅರರೋಬಾ ಅನ್ನೋ ಮರದ ಕಾಂಡದೊಳಗೆ ಸಿಗುವ ಪುಡಿ, ಪೋರ್ಚುಗೀಸರ ಮೂಲಕ ಗೋವಾ ಸೇರಿತ್ತು. ಕೆಲಸ ಮಾಡ್ತಿತ್ತು, ಆದರೆ ಚರ್ಮ ಉರಿಸ್ತಿತ್ತು, ಬಟ್ಟೆಗೆ ಹೋಗದ ಕಲೆ ಬೀಳಿಸ್ತಿತ್ತು. ಆ ಕಲೆ ಉಜ್ಜೋ ಪಾಡು ಯಾರದ್ದು ಅಂತ ಬೇರೆ ಹೇಳಬೇಕಿಲ್ಲ.

ಮಡಿವಾಳರ ಕೈಯಿಂದ ತುರಿಕೆ ಬಂದದ್ದು ಪೂರ್ತಿ ಸುಳ್ಳಾ? ಒಂದು ಪ್ರಕರಣದಲ್ಲಿ ಅಲ್ಲ. ಬಟ್ಟೆ ಅದಲುಬದಲಾಗದಿರಲಿ ಅಂತ ಕರಿಗೇರು ಕಾಯಿಯ ರಸದಲ್ಲಿ ಗುರುತು ಹಾಕೋ ಪದ್ಧತಿ ಇತ್ತು. ಸಂಸ್ಕೃತದಲ್ಲಿ ಭಲ್ಲಾತಕ ಅಂತಾರಲ್ಲ, ಅದೇ ಕಾಯಿ. ಎಷ್ಟು ಒಗೆದರೂ ಹೋಗದ ಕಪ್ಪು. ಎರಡನೇ ಮಹಾಯುದ್ಧಕ್ಕೆ ಭಾರತಕ್ಕೆ ಬಂದ ಅಮೆರಿಕನ್ ಸೈನಿಕರಿಗೆ ಆ ಗುರುತು ಮೈಗೆ ತಾಗೋ ಕಡೆಯೇ ಗುಳ್ಳೆ, ತುರಿಕೆ. 1943ರಲ್ಲಿ ಅವರ ಸೇನಾ ವೈದ್ಯರು ಇದನ್ನ ವರದಿ ಮಾಡಿದರು. ಅಮೆರಿಕದ ಪಾಯ್ಸನ್ ಐವಿ ಬಳ್ಳಿಯೂ ಕರಿಗೇರೂ ಒಂದೇ ಸಸ್ಯಕುಟುಂಬ, ಎರಡರ ರಸದಲ್ಲೂ ಹತ್ತಿರದ ಸಂಬಂಧಿ ರಾಸಾಯನಿಕಗಳು. ಆ ಬಳ್ಳಿ ತಾಗಿ ಮೊದಲೇ ಅಲರ್ಜಿ ಇದ್ದವರಿಗೆ ಇಲ್ಲಿ ಅದು ಕೆರಳ್ತಿತ್ತು. ಇದು ಶಿಲೀಂಧ್ರ ಅಲ್ಲವೇ ಅಲ್ಲ.

ಒಂದು ಹೆಸರು ಇಟ್ಟುಬಿಟ್ಟರೆ ಆಗೋ ನಷ್ಟ ಇದೇ. ಆ ಜಾಗದಲ್ಲಿ ತುರಿಕೆ ಅಂದ್ರೆ ಹುಳುಕಡ್ಡಿ ಇರಬಹುದು, ತುರಿಗಜ್ಜಿ ಇರಬಹುದು, ಕೂದಲಲ್ಲಿ ಹೇನು ಇರಬಹುದು, ಸಕ್ಕರೆ ಕಾಯಿಲೆ ಇರೋರಿಗೆ ಹೆಚ್ಚಾಗಿ ಕಾಡೋ ಕ್ಯಾಂಡಿಡಾ ಇರಬಹುದು, ಬ್ಲೇಡು ಹಾಕಿದ್ದರ ಉರಿ ಇರಬಹುದು, ಹೊಸ ಸೋಪಿನ ಅಲರ್ಜಿಯೂ ಇರಬಹುದು. ಒಂದರ ಮದ್ದು ಇನ್ನೊಂದಕ್ಕೆ ಆಗಲ್ಲ.

ನಾವು ಮಾಡೋದೇನು? ಮೆಡಿಕಲ್ ಶಾಪ್‌ಗೆ ಹೋಗಿ ತಗ್ಗಿದ ದನಿಯಲ್ಲಿ ‘ತುರಿಕೆಗೆ ಒಂದು ಕ್ರೀಮ್ ಕೊಡಿ’ ಅಂತೀವಿ. ಕೈಗೆ ಬರೋದು ಎಷ್ಟೋ ಸಲ ಸ್ಟೆರಾಯ್ಡ್ ಬೆರೆಸಿದ ಮುಲಾಮು. ಎರಡೇ ದಿನಕ್ಕೆ ತುರಿಕೆ ಮಾಯ, ಒಳಗೆ ಶಿಲೀಂಧ್ರಕ್ಕೆ ಹಬ್ಬ. ಬಿಟ್ಟ ಕೂಡಲೇ ದುಪ್ಪಟ್ಟಾಗಿ ವಾಪಸ್. ಚರ್ಮವೈದ್ಯರು ವರ್ಷಗಟ್ಟಲೆ ಕೂಗಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಕೌಂಟರ್‌ನಲ್ಲಿ ಚೀಟಿ ಕೇಳ್ತಾರಾ ಅನ್ನೋದು ನಿಮಗೇ ಗೊತ್ತು.

ಈ ನಡುವೆ ಟೆರ್ಬಿನಾಫಿನ್ ಮಾತ್ರೆಗೂ ಬಗ್ಗದ ಒಂದು ತಳಿ ಬೆಳೆದಿದೆ. ಭಾರತ ಮತ್ತು ನೇಪಾಳದ ರೋಗಿಗಳಲ್ಲಿ ಸಿಕ್ಕಿದ್ದನ್ನ ಪರೀಕ್ಷಿಸಿ ಜಪಾನಿನ ಸಂಶೋಧಕರು 2020ರಲ್ಲಿ ಅದಕ್ಕೆ ಇಟ್ಟ ಹೆಸರು ಟ್ರೈಕೊಫೈಟಾನ್ ಇಂಡೊಟಿನಿಯೆ. ಮೊದಲು ದೋಬಿಯ ಹೆಸರು, ಈಗ ದೇಶದ್ದೇ ಹೆಸರು! 2023ರಲ್ಲಿ ಅದು ಅಮೆರಿಕದಲ್ಲೂ ವರದಿಯಾಯ್ತು. ನ್ಯೂಯಾರ್ಕಿನ ಇಬ್ಬರು ಮಹಿಳೆಯರು. ಒಬ್ಬರು ಬಾಂಗ್ಲಾದೇಶಕ್ಕೆ ಹೋಗಿ ಬಂದಿದ್ದರು. ಇನ್ನೊಬ್ಬರು ಇತ್ತೀಚೆಗೆ ಯಾವ ವಿದೇಶಕ್ಕೂ ಹೋಗಿರಲಿಲ್ಲ.